ಗೇಜಿನ ಮುಳ್ಳು ಮತ್ತು ಒಂದು ಚೂರು ತವರ

ಗೇಜಿನ ಮುಳ್ಳು ಕೆಳಗಿಳಿದರೆ ನಮ್ಮ ಕೆಲಸದಲ್ಲಿ ಅದಕ್ಕೆ ಒಂದೇ ಅರ್ಥ: ಎಲ್ಲೋ ಸೋರುತ್ತಿದೆ. ಕುಶಾಲನಗರದ ಹತ್ತಿರದ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ನಾನು ಇಪ್ಪತ್ತೆರಡು ವರ್ಷದಿಂದ ಫಿಟ್ಟರ್. ಬಾಯ್ಲರ್ ಇರಲಿ, ಕಾಳಿನ ಬಣ್ಣ ನೋಡಿ ಆರಿಸುವ ಯಂತ್ರಕ್ಕೆ ಗಾಳಿ ಕೊಡುವ ಕಂಪ್ರೆಸರ್ ಇರಲಿ, ಮುಳ್ಳು ಇಳಿಯುವುದು ಕಂಡರೆ ಕೈ ತಾನಾಗಿಯೇ ಸ್ಪ್ಯಾನರ್ ಹುಡುಕುತ್ತದೆ. ಅದಕ್ಕೆ ಇನ್ನೊಂದು ಅರ್ಥವೂ ಉಂಟೆಂದು ಕಲಿಸಿದವಳು ನನ್ನ ಹೆಂಡತಿ. ಬರುವ ಯುಗಾದಿಗೆ ಅವಳು ಹೋಗಿ ಒಂದು ವರ್ಷ ತುಂಬುತ್ತದೆ. ಬರೆಯುವುದೆಂದರೆ ನನಗೆ ಗೊತ್ತಿರುವುದು ಮೆಷಿನ್ನಿನ ಲಾಗ್ ಬುಕ್ ಬರೆಯುವುದು ಮಾತ್ರ. ಇದನ್ನೂ ಆದದ್ದು ಆದ ಹಾಗೆ ಬರೆಯುತ್ತೇನೆ.

ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಐಟಿಐ ಮಾಡಿದವನು. ನಮ್ಮದು ತಾತನ ಕಾಲದಲ್ಲಿ ಹಾಸನದ ಕಡೆಯಿಂದ ಬಂದು ಇಲ್ಲಿ ನೆಲೆಸಿದ ಕುಟುಂಬ. ಅವಳು ಶನಿವಾರಸಂತೆಯವಳು. ಹೆಣ್ಣು ನೋಡಲು ಹೋದಾಗ ಅವಳ ಬಿಎಸ್ಸಿ ಮುಗಿದಿತ್ತು. ನನ್ನನ್ನು ಅವಳು ಕೇಳಿದ್ದು ಒಂದೇ ಪ್ರಶ್ನೆ, ಮುಂದೆ ಓದಬಹುದೇ ಎಂದು. ಓದಬಹುದು ಎಂದೆ. ಎಲ್ಲಿಯವರೆಗೆ ಎಂದು ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಎಂಎಸ್ಸಿ ಆಯಿತು. ಡಿಗ್ರಿ ಕಾಲೇಜಿನಲ್ಲಿ ಪಾಠ ಮಾಡುವ ಕೆಲಸ ಸಿಕ್ಕಿತು. ಕೆಲವು ವರ್ಷ ಕಳೆದ ಮೇಲೆ ಒಂದು ದಿನ ಊಟಕ್ಕೆ ಕೂತಾಗ, ಪಿಎಚ್‌ಡಿಗೆ ಸೇರಲೇ ಎಂದಳು. ನಮಗೆ ಮಕ್ಕಳಾಗಿರಲಿಲ್ಲ. ಅದಿಲ್ಲದ್ದಕ್ಕೆ ಇದು ಎಂದು ನನ್ನ ಕಡೆಯ ನೆಂಟರು ಮಾತಾಡಿಕೊಂಡರು. ಹಾಗಲ್ಲವೆಂದು ನನಗೆ ಗೊತ್ತಿತ್ತು. ಮನೆ ತುಂಬ ಮಕ್ಕಳಿದ್ದಿದ್ದರೂ ಅವಳು ಓದಿಯೇ ಓದುತ್ತಿದ್ದಳು.

ಅವಳ ವಿಷಯವನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ಹೈಡ್ರೋಜನ್ ಅನಿಲವನ್ನು ಇನ್ನೊಂದು ಪದಾರ್ಥಕ್ಕೆ ಸೇರಿಸಬೇಕಾದರೆ ನಡುವೆ ಒಂದು ಲೋಹ ಬೇಕು. ಅವಳದು ಪ್ಲಾಟಿನಮ್. ಬಿಳಿಯ ನುಣ್ಣನೆಯ ಪುಡಿಯೊಂದರ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಾಗಿ ಅದನ್ನು ಕೂರಿಸುತ್ತಿದ್ದಳು. ಕೂರಿಸಿದ ಮೇಲೆ ಪುಡಿ ಬೂದಿಯ ಬಣ್ಣಕ್ಕೆ ತಿರುಗುತ್ತಿತ್ತು. ಅದು ಕೆಲಸ ಮಾಡಿಸುತ್ತದೆ, ತಾನು ಖರ್ಚಾಗುವುದಿಲ್ಲ. ಕನ್ನಡದ ಪುಸ್ತಕಗಳಲ್ಲಿ ಅದಕ್ಕೆ ವೇಗವರ್ಧಕ ಎಂದು ಹೆಸರು. ಆ ಪ್ಲಾಟಿನಮ್ಮಿಗೆ ಒಂದು ಚೂರು ತವರ ಬೆರೆಸಿದರೆ ಏನಾಗುತ್ತದೆ, ಇನ್ನೊಂದು ಚೂರು ಬೆರೆಸಿದರೆ ಏನಾಗುತ್ತದೆ ಎನ್ನುವುದೇ ಅವಳ ಐದು ವರ್ಷದ ಕೆಲಸ. ತವರವೆಂದರೆ ಟಿನ್. ಟಿನ್ ಎಂದ ಕೂಡಲೇ ಮಕ್ಕಳಿಗೆ ಎಣ್ಣೆ ಡಬ್ಬಿ ನೆನಪಾಗುತ್ತದೆ ಎಂದು ಅವಳು ತರಗತಿಯಲ್ಲೂ ಮನೆಯಲ್ಲೂ ತವರ ಎಂದೇ ಹೇಳುತ್ತಿದ್ದಳು.

ತವರ ಬೆರೆತರೆ ಸಾಮಾನ್ಯವಾಗಿ ಪ್ಲಾಟಿನಮ್ಮಿನ ವೇಗ ಕಡಿಮೆಯಾಗುತ್ತದೆ. ಇದನ್ನು ನಾನು ವರ್ಕ್ಸ್‌ನಲ್ಲಿ ಟೀ ಹೊತ್ತಿಗೆ ಬಾಯಿಬಿಟ್ಟೆ. ನಮ್ಮ ಎಲೆಕ್ಟ್ರೀಷಿಯನ್ ಆವತ್ತಿನಿಂದ ಬಿಡಲಿಲ್ಲ. “ಏನಣ್ಣ, ಅತ್ತಿಗೆ ವೇಗವರ್ಧಕಕ್ಕೆ ಬ್ರೇಕ್ ಹಾಕೋದನ್ನ ಓದ್ತಾ ಇದ್ದಾರಂತೆ. ನಮ್ಮ ಮ್ಯಾನೇಜರಿಗೂ ಒಂದು ಹಾಕಿಸ್ಕೊಡಿ” ಎನ್ನುತ್ತಿದ್ದ. ನಾನು ಮನೆಗೆ ಬಂದು ಅದನ್ನು ಹೇಳಿದರೆ ಅವಳಿಗೆ ಬೇಜಾರಾಗಲಿಲ್ಲ. ತರಕಾರಿ ಹೆಚ್ಚುತ್ತಾ ಹೇಳಿದಳು:

“ನಿಮ್ಮಲ್ಲಿ ಹೆಂಗಸರು ಸಾಲಾಗಿ ಕೂತು ಕಾಳು ಆರಿಸ್ತಾರಲ್ಲ, ಹಂಗೇ ಅಂದ್ಕೊಳ್ಳಿ. ಬರೀ ಅವರೇ ಇದ್ರೆ ಕೈಗೆ ಸಿಕ್ಕಿದ್ದನ್ನೆಲ್ಲ ಎತ್ತಿ ಹಾಕ್ತಾರೆ. ನಡುನಡುವೆ ಒಬ್ಬೊಬ್ಬ ಮೇಸ್ತ್ರಿ ಕೂತ್ರೆ ಬೇಕಾದ ಕಾಳನ್ನೇ ಎತ್ತುತ್ತಾರೆ. ಮೇಸ್ತ್ರಿಗಳೇ ಜಾಸ್ತಿ ಆಗ್ಬಿಟ್ರೆ?”

“ಆರಿಸೋರಿಗೆ ಕೂರೋಕೆ ಜಾಗ ಇರಲ್ಲ” ಎಂದೆ.

“ಅಷ್ಟೇ ರೀ ನನ್ನ ಥೀಸಿಸ್ಸು.”

ಅವಳು ಹೈಡ್ರೋಜನ್ ಸೇರಿಸುತ್ತಿದ್ದದ್ದು ಸಿಟ್ರಾಲ್ ಎಂಬ ಎಣ್ಣೆಗೆ. ಮಜ್ಜಿಗೆ ಹುಲ್ಲಿಗೆ ಆ ವಾಸನೆ ಬರುವುದು ಅದರಿಂದಲೇ. ಅದರಲ್ಲಿ ಹೈಡ್ರೋಜನ್ ಹೋಗಿ ಕೂರುವುದಕ್ಕೆ ಒಂದಕ್ಕಿಂತ ಹೆಚ್ಚು ಜಾಗಗಳಿವೆಯಂತೆ. ಬರೀ ಪ್ಲಾಟಿನಮ್ ಸುಲಭದ ಜಾಗಕ್ಕೆ ಕೈ ಹಾಕುತ್ತದೆ. ಪಕ್ಕದಲ್ಲಿ ತವರ ಇದ್ದರೆ ಆಮ್ಲಜನಕ ಇರುವ ತುದಿಯನ್ನೇ ಹಿಡಿಯುತ್ತದೆ. ಆಗ ಎಣ್ಣೆಗೆ ಗುಲಾಬಿಯ ವಾಸನೆ ಬರುತ್ತದೆ. ಸಂಜೆ ಲ್ಯಾಬಿನ ಮುಂದೆ ಅವಳು ನನ್ನ ಸ್ಕೂಟರ್ ಹತ್ತುವಾಗ ಸೆರಗಿನಲ್ಲಿ ಗುಲಾಬಿಯ ವಾಸನೆ ಇದ್ದರೆ ಆವತ್ತು ಕೆಲಸ ಸರಿಯಾಗಿದೆ ಎಂದು ನನಗೆ ಗೊತ್ತಾಗುತ್ತಿತ್ತು. ಹುಲ್ಲಿನ ವಾಸನೆ ಇದ್ದರೆ ದಾರಿಯಲ್ಲಿ ಏನೂ ಕೇಳುತ್ತಿರಲಿಲ್ಲ. ಮನೆಗೆ ಬಂದು ಕಾಫಿ ಮಾಡಿ ಕೊಡುತ್ತಿದ್ದೆ.

ಈ ಕೆಲಸವೆಲ್ಲ ನಡೆಯುವುದು ದಪ್ಪ ಸ್ಟೀಲಿನ ಒಂದು ಪಾತ್ರೆಯೊಳಗೆ. ಎಣ್ಣೆಯನ್ನೂ ಪುಡಿಯನ್ನೂ ಹಾಕಿ, ಮುಚ್ಚಳ ಬಿಗಿದು, ಗೋಡೆಗೆ ಸರಪಳಿ ಹಾಕಿ ನಿಲ್ಲಿಸಿರುವ ಕೆಂಪು ಸಿಲಿಂಡರಿನಿಂದ ಹೈಡ್ರೋಜನ್ ತುಂಬಿಸಬೇಕು. ಒಳಗೆ ಒಂದು ಕಡೆಗೋಲು ತಿರುಗುತ್ತಿರುತ್ತದೆ. ಹೈಡ್ರೋಜನ್ ಎಣ್ಣೆಗೆ ಸೇರುತ್ತಾ ಹೋದ ಹಾಗೆ ಪಾತ್ರೆಯ ಒತ್ತಡ ಕಡಿಮೆಯಾಗುತ್ತದೆ, ಗೇಜಿನ ಮುಳ್ಳು ಇಳಿಯುತ್ತದೆ. ಮುಳ್ಳು ಎಷ್ಟು ಬೇಗ ಇಳಿಯಿತೋ ಅದೇ ಆ ಪುಡಿಯ ವೇಗ.

ನನಗೆ ಇದು ಗೊತ್ತಿರಲಿಲ್ಲ. ಮೊದಲ ಸಲ ಅವಳನ್ನು ಕರೆದುಕೊಂಡು ಬರಲು ಲ್ಯಾಬಿನೊಳಗೆ ಹೋದಾಗ ಅವಳು ಕೈ ತೊಳೆಯಲು ಹೊರಗೆ ಹೋಗಿದ್ದಳು. ನೋಡುತ್ತೇನೆ, ಮುಳ್ಳು ಇಳಿಯುತ್ತಿದೆ. ಓಡಿ ಹೋಗಿ ವಾಲ್ವ್ ಮುಚ್ಚಿ, ಕಡೆಗೋಲಿನ ಸ್ವಿಚ್ ಆರಿಸಿ, ಗೇಜಿನ ನಟ್ಟು ಬಿಗಿದು, ದೊಡ್ಡ ಅನಾಹುತ ತಪ್ಪಿಸಿದೆ ಎಂದು ನಿಂತೆ. ಅವಳು ಬಂದು ನೋಡಿ ತಲೆ ಮೇಲೆ ಕೈ ಹೊತ್ತು ಸ್ಟೂಲಿನ ಮೇಲೆ ಕೂತಳು. ಇಡೀ ದಿನದ ಕೆಲಸ ಹಾಳಾಗಿತ್ತು. ಬೈಯಲಿಲ್ಲ. “ಇಳೀತಾ ಇದ್ರೆ ಕೆಲಸ ನಡೀತಿದೆ ಅಂತ ರೀ. ನಿಂತುಬಿಟ್ರೇ ನಂಗೆ ಭಯ” ಎಂದಳು.

ಅದಾಗಿ ಒಂದು ವರ್ಷಕ್ಕೆ ಆ ಗೇಜು ಕೆಟ್ಟಿತು. ಹೊಸ ಗೇಜು ಬಂದರೂ ಅದನ್ನು ಕೂರಿಸುವವರು ಬೇಕಾಗಿತ್ತು. ಅವಳ ಗೈಡ್ ಮೇಡಂ, ನೀವೇ ಬಂದು ಮಾಡಿಕೊಡಬಹುದೇ ಎಂದು ನನ್ನನ್ನು ಕೇಳಿದರು. ಜಾಯಿಂಟಿಗೆ ತಾಮ್ರದ ವಾಷರ್ ಬೇಕು. ಆ ಅಳತೆಯದು ಕುಶಾಲನಗರದಲ್ಲಿ ಸಿಗಲಿಲ್ಲ, ಮಡಿಕೇರಿಯಲ್ಲೂ ಸಿಗಲಿಲ್ಲ. ಹಳೆಯ ವಾಷರನ್ನೇ ಕೆಂಪಗೆ ಕಾಯಿಸಿ, ನೀರಿಗೆ ಹಾಕಿ, ಮೆತ್ತಗೆ ಮಾಡಿ ಕೂರಿಸಿದೆ. ನಾವು ವರ್ಕ್ಸ್‌ನಲ್ಲಿ ಹಾಗೆ ಮಾಡುವುದುಂಟು. ಆದರೆ ಅಲ್ಲಿ ಇರುವುದು ಗಾಳಿ, ಹಬೆ. ಇಲ್ಲಿ ಹೈಡ್ರೋಜನ್, ಅದಕ್ಕಿಂತ ಸಣ್ಣದು ಇಲ್ಲ, ಅದು ನುಸುಳದ ಸಂದು ಇಲ್ಲ ಎಂದು ಅವಳೇ ಹೇಳಿದ್ದಳು. ಸೋಪಿನ ನೀರು ಹಚ್ಚಿ ನೋಡಿದೆ, ಗುಳ್ಳೆ ಬರಲಿಲ್ಲ. ಹಳೆಯ ವಾಷರೆಂದು ನಾನು ಹೇಳಲಿಲ್ಲ.

ಆ ಜಾಯಿಂಟು ಹಾಕಿದ ಮೇಲೆ ಅವಳ ಕೆಲಸದ ಮುಖ್ಯವಾದ ಭಾಗ ನಡೆಯಿತು. ತವರದ ಅಳತೆ ಬೇರೆ ಬೇರೆ ಮಾಡಿ ಏಳು ಪುಡಿಗಳನ್ನು ಮಾಡಿಕೊಂಡಿದ್ದಳು. ತವರ ಹೆಚ್ಚಾದ ಕೊನೆಯ ಪುಡಿಗಳಲ್ಲಿ ಮುಳ್ಳು ಕದಲುವುದೇ ಕಷ್ಟವಾಗಿತ್ತು. ಆದರೆ ಎರಡನೆಯ ಪುಡಿ, ಚೂರೇ ಚೂರು ತವರ ಇದ್ದದ್ದು, ಬರೀ ಪ್ಲಾಟಿನಮ್ಮಿಗಿಂತ ಎಷ್ಟೋ ಬೇಗ ಓಡಿತು. ಆವತ್ತು ಅವಳು ಸ್ಕೂಟರ್ ಹತ್ತಿದಾಗ ನನಗೆ ಗುಲಾಬಿ ತೋಟದೊಳಗೆ ನಿಂತ ಹಾಗಿತ್ತು. ಬ್ರೇಕ್ ಎಂದು ಹಾಸ್ಯ ಮಾಡುತ್ತಿದ್ದ ನಮ್ಮ ಎಲೆಕ್ಟ್ರೀಷಿಯನ್ನಿಗೆ ಮರುದಿನ ನಾನೇ ಹೋಗಿ ಹೇಳಿದೆ: ಒಂದು ಚೂರು ಹಾಕಿದರೆ ಅದು ಬ್ರೇಕಲ್ಲ, ಗೇರು.

ಥೀಸಿಸ್ ಬರೆದು ಮುಗಿಸುವ ಹೊತ್ತಿಗೆ ಹೊಟ್ಟೆನೋವು ಶುರುವಾಯಿತು. ಮೈಸೂರಿನಲ್ಲಿ ತೋರಿಸಿದೆವು, ಆಪರೇಷನ್ ಆಯಿತು, ಔಷಧ ಏರಿಸಿಕೊಳ್ಳಲು ತಿಂಗಳಿಗೆ ಎರಡು ಸಲ ಹೋಗಿಬರುವುದಾಯಿತು. ವಾಸಿಯಾಗುವ ಕಾಯಿಲೆಯಲ್ಲ ಎಂದು ಡಾಕ್ಟರು ನಮ್ಮಿಬ್ಬರನ್ನೂ ಕೂರಿಸಿಕೊಂಡೇ ಹೇಳಿದರು. ಅವಳು ಕೇಳಿದ್ದು, ಎಷ್ಟು ತಿಂಗಳು ತಲೆ ಸರಿಯಾಗಿ ಕೆಲಸ ಮಾಡುತ್ತದೆ ಎಂದು. ಅವಳ ಲೆಕ್ಕ ಇದ್ದದ್ದು ವೈವಾದ ಮೇಲೆ. ವೈವಾ ಎಂದರೆ ಪರೀಕ್ಷಕರ ಎದುರು ಕೂತು ಥೀಸಿಸ್ಸನ್ನು ಒಪ್ಪಿಸುವುದು. ಅದು ಮುಗಿದರೆ ಅವಳು ಡಾಕ್ಟರೇಟ್ ಪಡೆದವಳು.

ಆಪರೇಷನ್ ಆದ ಮೇಲೆ ಅವಳ ತಾಯಿ, ನಮ್ಮ ಅತ್ತೆ, ಶನಿವಾರಸಂತೆಯಿಂದ ಬಂದು ನಮ್ಮ ಮನೆಯಲ್ಲಿ ಇದ್ದರು. ಅವರ ಕೈಯ ಗಂಜಿ ಬಿಟ್ಟು ಅವಳಿಗೆ ಬೇರೇನೂ ಸೇರುತ್ತಿರಲಿಲ್ಲ. ಹನ್ನೆರಡು ದಿನ ಇದ್ದವರು ಹದಿಮೂರನೆಯ ದಿನ ಬೆಳಿಗ್ಗೆ ಬ್ಯಾಗು ತುಂಬಿಕೊಂಡು, ಮೆಣಸು ಕುಯ್ಯಿಸಬೇಕು ಎಂದು ಹೊರಟುಬಿಟ್ಟರು. ನಿಲ್ಲಿ ಎಂದರೂ ನಿಲ್ಲಲಿಲ್ಲ. ಆಮೇಲೆ ಫೋನ್ ಮಾಡಿದರೆ ಹೇಗಿದ್ದಾಳೆ ಎಂದು ಕೇಳಿ, ಸರಿ ಎಂದು ಇಟ್ಟುಬಿಡುತ್ತಿದ್ದರು. ಮಗಳು ಅದನ್ನು ನನ್ನೆದುರು ಎತ್ತಲಿಲ್ಲ. ಗಂಜಿ ಮಾತ್ರ ಅರ್ಧಕ್ಕೆ ಬಿಡುತ್ತಿದ್ದಳು.

ಅದೇ ಹೊತ್ತಿಗೆ ಪರೀಕ್ಷಕರೊಬ್ಬರ ವರದಿ ಬಂತು. ನಾಲ್ಕು ಪುಟ ಹೊಗಳಿದ್ದರಂತೆ. ಐದನೆಯ ಪುಟದಲ್ಲಿ ಒಂದು ಪ್ರಶ್ನೆ. ಸ್ವಲ್ಪ ತವರ ವೇಗವನ್ನು ಏರಿಸುವುದನ್ನು ಬೇರೆಯವರೂ ಕಂಡಿದ್ದಾರೆ, ಆದರೆ ಎರಡನೆಯ ಪುಡಿಯಲ್ಲಿ ಕಂಡಷ್ಟು ಏರಿಕೆ ಅನುಮಾನ ಹುಟ್ಟಿಸುತ್ತದೆ; ಆ ದಿನ ಗೇಜಿನ ಜಾಯಿಂಟಿನಲ್ಲಿ ಸೋರಿಕೆ ಇರಲಿಲ್ಲವೆಂದು ಹೇಗೆ ಗೊತ್ತು? ಹೊಸದಾಗಿ ಪುಡಿ ಮಾಡಿ, ಮತ್ತೆ ಅಳೆದು ತೋರಿಸಿದ ಮೇಲೆ ವೈವಾ.

ಅವಳು ಅದನ್ನು ಕನ್ನಡದಲ್ಲಿ ನನಗೆ ಓದಿ ಹೇಳುತ್ತಿದ್ದರೆ ನನಗೆ ಆ ಹಳೆಯ ವಾಷರ್ ನೆನಪಾಯಿತು. ಕೆಲಸ ಮುಗಿದ ಮೇಲೆ ಸೀಸೆಯಲ್ಲಿ ತುಂಬಿ ಪರೀಕ್ಷೆಗೆ ಕಳಿಸಿದ ಮಾದರಿ ಹೇಳುವುದು ಏನಾಯಿತು ಎಂದು. ಎಷ್ಟು ಬೇಗ ಆಯಿತು ಎಂದು ಹೇಳುವುದು ಗೇಜು ಒಂದೇ. ಅದು ಸೋರಿದ್ದರೆ ಅವಳ ಏರಿಕೆ ಸುಳ್ಳು. ಆ ಸುಳ್ಳು ನನ್ನ ಕೈಯಿಂದ ಆದದ್ದು. ಎರಡು ದಿನ ಸುಮ್ಮನಿದ್ದೆ. ಮೂರನೆಯ ದಿನ, ಅವಳ ಕಾಲು ಒತ್ತುತ್ತಾ ಕೂತಿದ್ದಾಗ, ವಾಷರ್ ಹಳೆಯದು ಎಂದು ಹೇಳಿದೆ.

“ಗೊತ್ತು” ಎಂದಳು.

“ಹೆಂಗೆ?”

“ಹೊಸದಾಗಿದ್ರೆ ಹೊಳೀತಿತ್ತು. ಅದು ಕಪ್ಪಗಿತ್ತಲ್ಲ. ಸೋಪಿನ ನೀರು ಹಚ್ಚಿದ್ರಲ್ಲ ಅಂತ ಸುಮ್ಮನಾದೆ.” ಕಾಲನ್ನು ಎಳೆದುಕೊಂಡು ಹೇಳಿದಳು, “ಈಗ ಅದನ್ನ ಬದಲಾಯಿಸೋಕೆ ಹೋಗ್ಬೇಡಿ. ಅದೇ ಇರ್ಬೇಕು. ಸೋರಿದ್ರೆ ಸೋರಿತು ಅಂತಾನೇ ಬರೀತೀನಿ.”

ಮೇಡಂ, ಪುಡಿಯನ್ನು ಅವಳ ನೋಟ್ ಪುಸ್ತಕ ನೋಡಿಕೊಂಡು ತಾವೇ ಮಾಡುವುದಾಗಿಯೂ ಪಾತ್ರೆಯ ಕೆಲಸಕ್ಕೆ ನಾನು ಬರಬೇಕೆಂದೂ ಹೇಳಿದರು. ಭಾನುವಾರವೇ ಆಗಬೇಕು, ಬೆಳಿಗ್ಗೆ ಹೋದರೆ ಸಂಜೆಯವರೆಗೆ ಬರುವ ಹಾಗಿಲ್ಲ, ಎರಡು ಭಾನುವಾರ ಬೇಕು. ಉಳಿದ ದಿನ ಪಕ್ಕದ ಮನೆಯವರು ಬಂದುಹೋಗುತ್ತಿದ್ದರು, ನಾನೂ ಮಧ್ಯಾಹ್ನ ಒಮ್ಮೆ ಮನೆಗೆ ಬರುತ್ತಿದ್ದೆ. ಇಡೀ ದಿನ ಅವಳನ್ನು ಒಬ್ಬಳೇ ಬಿಡುವ ಸ್ಥಿತಿ ಇರಲಿಲ್ಲ. ಅತ್ತೆ ಬರಬೇಕು, ಬೇರೆ ದಾರಿ ಇಲ್ಲ. ಪಕ್ಕದ ಮನೆಯವರಿಗೆ ಹೇಳಿ, ಶನಿವಾರ ರಜೆ ಹಾಕಿ ಶನಿವಾರಸಂತೆಗೆ ಹೋದೆ.

ಅತ್ತೆ ಸಂತೆಯಿಂದ ಆಗಷ್ಟೇ ಬಂದು ಜಗಲಿಯಲ್ಲಿ ಚೀಲ ಬಿಚ್ಚುತ್ತಿದ್ದರು. ಕಾಫಿ ಕೊಟ್ಟರು, ಮುಖ ಕೊಡಲಿಲ್ಲ. ಏಕೆ ಬಿಟ್ಟು ಬಂದಿರಿ ಎಂದು ನಾನು ನೇರವಾಗಿಯೇ ಕೇಳಿದೆ. ಮೊದಲು ಮೆಣಸು ಎಂದರು. ಆಮೇಲೆ ಬಾಳೆಕಾಯಿಯನ್ನು ಚೀಲದಿಂದ ಒಂದೊಂದೇ ತೆಗೆದಿಡುತ್ತಾ ಹೇಳಿದರು:

“ಅವಳೇ ಹೇಳಿದ್ಲಲ್ಲಪ್ಪ. ನಾನು ಕಿವೀಲಿ ಕೇಳಿದೀನಿ. ಆ ಮೇಡಮ್ಮನ ಹತ್ರ ಫೋನಲ್ಲಿ ಅಂತಿದ್ಲು, ತವರು ಜಾಸ್ತಿ ಆಗಿದ್ದೇ ತೊಂದ್ರೆ, ಚೂರು ಇದ್ರೆ ಕೆಲಸ ಆಗುತ್ತೆ, ಜಾಸ್ತಿ ಆದ್ರೆ ಎಲ್ಲಾ ನಿಂತುಹೋಗುತ್ತೆ ಅಂತ. ಮುಂದಿನ ಸಲ ಕಮ್ಮಿ ಮಾಡಾಣ ಅಂತ್ಲೂ ಅಂದ್ಲು. ಹಡೆದೋಳಿಗೆ ಅಷ್ಟು ಅರ್ಥ ಆಗಲ್ವ? ಓದಿದೋಳು. ನಾನಿದ್ರೆ ಅವಳ ಓದಿಗೆ ಅಡ್ಡಿ ಏನೋ ಅಂತ ಎದ್ದು ಬಂದೆ.”

ನನಗೆ ನಗು ಬಂತು. ನಕ್ಕರೆ ಕೆಲಸ ಕೆಡುತ್ತದೆಂದು ತಡೆದುಕೊಂಡೆ. ತವರು ಅಲ್ಲ ಅತ್ತೆ, ತವರ, ಅದೊಂದು ಲೋಹ ಎಂದೆ. ಅವರು ನಂಬಲಿಲ್ಲ. ಅಂಥ ಲೋಹವನ್ನು ತಾವು ಕಂಡಿಲ್ಲ, ತಾಮ್ರ ಗೊತ್ತು, ಹಿತ್ತಾಳೆ ಗೊತ್ತು, ಸೀಸ ಗೊತ್ತು ಎಂದರು. ನಾನು ಅಡುಗೆಮನೆಗೆ ಹೋಗಿ ಅವರ ಹಿತ್ತಾಳೆ ಪಾತ್ರೆಯನ್ನೇ ತಂದು ಬೆಳಕಿಗೆ ಹಿಡಿದು ಒಳಗೆ ತೋರಿಸಿದೆ.

“ಒಳಗಡೆ ಬೆಳ್ಳಗಿದೆಯಲ್ಲ ಅತ್ತೆ, ಇದೇ ತವರ.”

“ಇದು ಕಲಾಯಿ.”

“ಕಲಾಯಿ ಹಾಕೋದು ತವರದಲ್ಲಿ.”

ಅತ್ತೆ ಪಾತ್ರೆಯೊಳಗೆ ಬೆರಳಾಡಿಸಿದರು. ಎಷ್ಟೋ ವರ್ಷದಿಂದ ತಿಕ್ಕಿದ ಪಾತ್ರೆ. “ಕಲಾಯಿ ಬಗ್ಗೆ ಓದೋಕೆ ಇಷ್ಟು ವರ್ಷ ಬೇಕಾಯ್ತಾ ಇವಳಿಗೆ” ಎಂದರು. ಕಣ್ಣಲ್ಲಿ ನೀರಿತ್ತು. ಬಾಳೆಕಾಯಿಗಳನ್ನು ಮತ್ತೆ ಚೀಲಕ್ಕೇ ತುಂಬಿದರು. ಸಂಜೆಯ ಬಸ್ಸಿಗೆ ನಾವಿಬ್ಬರೂ ಹೊರಟೆವು. ಮನೆಗೆ ಬಂದು ನಾನು ಇದನ್ನು ಹೇಳಿದಾಗ ಅವಳು ಹೊಟ್ಟೆಯ ಹೊಲಿಗೆ ಹಿಡಿದುಕೊಂಡು ನಕ್ಕಳು. ಅತ್ತೆ, ಸಾಕು ನಗಬೇಡ, ನೋಯುತ್ತೆ ಎಂದು ಗದರಿಸಿ ಗಂಜಿಗೆ ಇಟ್ಟರು.

ಮೊದಲ ಭಾನುವಾರ ಪುಡಿಯಿಲ್ಲದೆ ಬರೀ ಪಾತ್ರೆಯನ್ನು ಪರೀಕ್ಷೆ ಮಾಡುವುದೆಂದಿತ್ತು. ಸಿಟ್ರಾಲ್ ಬೆರೆಸುವ ದ್ರಾವಕವನ್ನಷ್ಟೇ ಹಾಕಿ, ಹೈಡ್ರೋಜನ್ ತುಂಬಿಸಿ, ಅದೇ ಬಿಸಿಯಲ್ಲಿ ಇಟ್ಟು ನೋಡಬೇಕು. ಮಾಡಿಸುವವರು ಒಳಗೆ ಯಾರೂ ಇಲ್ಲದ್ದರಿಂದ ಹೈಡ್ರೋಜನ್ ಎಲ್ಲಿಗೂ ಸೇರುವುದಿಲ್ಲ. ಮುಳ್ಳು ಇಳಿದರೆ ಜಾಯಿಂಟು ಸೋರಿತು ಎಂದೇ ಅರ್ಥ. ಮೇಡಂ ಕಿಟಕಿಗಳನ್ನೆಲ್ಲ ತೆಗೆದಿಟ್ಟು ಕುರ್ಚಿ ಹಾಕಿಕೊಂಡು ಕೂತರು. ಜಾಯಿಂಟಿನ ಮೇಲೆ ನಾನು ಎರಡು ವರ್ಷದ ಹಿಂದೆ ನಟ್ಟು ಕದಲಿದರೆ ತಿಳಿಯಲೆಂದು ಬಣ್ಣದಿಂದ ಎಳೆದಿದ್ದ ಗೆರೆ ಹಾಗೆಯೇ ಇತ್ತು, ಯಾರೂ ಮುಟ್ಟಿರಲಿಲ್ಲ.

ಹೈಡ್ರೋಜನ್ ತುಂಬಿ, ಬಿಸಿ ನಿಂತ ಮೇಲೆ ಕಡೆಗೋಲಿನ ಸ್ವಿಚ್ ಹಾಕಿದೆ. ಮುಳ್ಳು ಅರ್ಧ ಗೆರೆ ಇಳಿಯಿತು.

ಇಪ್ಪತ್ತೆರಡು ವರ್ಷ ಗೇಜು ನೋಡಿದ್ದೇನೆ, ಅಷ್ಟು ಕೆಟ್ಟದಾಗಿ ಯಾವ ಗೇಜೂ ನನ್ನನ್ನು ನೋಡಿರಲಿಲ್ಲ. ಮೇಡಂ ಏನೋ ಹೇಳಲು ಬಾಯಿ ತೆರೆದರು, ಅಷ್ಟರಲ್ಲಿ ನಾನು ಹೊರಗೆ ಕಾರಿಡಾರಿಗೆ ಬಂದು ಮನೆಗೆ ಫೋನ್ ಮಾಡಿದ್ದೆ. ಇಳಿಯಿತು ಎಂದೆ. ಅವಳು ಕೇಳಿದ್ದು, ಕಡೆಗೋಲು ಹಾಕುವ ಮೊದಲೋ ಆಮೇಲೋ ಎಂದು. ಆಮೇಲೆ ಎಂದೆ.

“ಕಲಕಿದಾಗ ಸ್ವಲ್ಪ ಕರಗುತ್ತೆ ರೀ. ಅದು ಲೀಕಲ್ಲ. ಕರಗೋದು ಒಂದೇ ಸಲ, ಸೋರೋದಾದ್ರೆ ಸೋರ್ತಾನೇ ಇರುತ್ತೆ. ಸಂಜೆವರೆಗೂ ನೋಡಿ, ಆಮೇಲೆ ಹೇಳಿ.”

ಸಂಜೆಯವರೆಗೆ ಕೂತೆ. ಅರ್ಧ ಗೆರೆ ಇಳಿದ ಮುಳ್ಳು ಆ ಗೆರೆಯ ನಡುವೆ ಅಂಟಿಸಿದ ಹಾಗೆ ನಿಂತಿತ್ತು. ಐದು ನಿಮಿಷಕ್ಕೊಮ್ಮೆ ಬರೆದೆ. ಎಲ್ಲ ಸಾಲಿನಲ್ಲೂ ಒಂದೇ ಅಂಕಿ. ಮೇಡಂ ಬಂದು ಪುಟ ನೋಡಿ, ನಾನು ಇಷ್ಟು ಒಳ್ಳೆಯ ಬೇಜಾರಿನ ಪುಟ ನೋಡಿಲ್ಲ ಎಂದರು.

ಹಾಗೆಂದು ಎಲ್ಲ ಮುಗಿಯಲಿಲ್ಲ. ಇಂದು ಸೋರಲಿಲ್ಲ ಎಂದರೆ ಆವತ್ತೂ ಸೋರಿರಲಿಲ್ಲ ಎಂದು ಪರೀಕ್ಷಕರು ಒಪ್ಪಬೇಕಲ್ಲ. ಮೇಡಂ ಹೊಸದಾಗಿ ಮಾಡಿದ ಎರಡನೆಯ ಪುಡಿ ಹಳೆಯದರಷ್ಟೇ ವೇಗವಾಗಿ ಓಡಬೇಕು. ಮುಂದಿನ ಭಾನುವಾರ ಹೊರಡುವಾಗ ಅವಳು ಮೇಡಮ್ಮಿಗೆ ಫೋನ್ ಮಾಡಿ ಹೇಳುವುದು ನನಗೆ ಕೇಳಿಸಿತು, “ಇವರಿಗೆ ನನ್ನ ಹಳೇ ಪುಟ ಮಾತ್ರ ತೋರಿಸ್ಬೇಡಿ ಮೇಡಂ. ನೋಡಿದ್ರೆ ಮುಳ್ಳು ಇವರ ಕಣ್ಣಿಗೆ ನಾನು ಬರೆದ ಹಂಗೇ ಕಾಣುತ್ತೆ.” ನನ್ನ ಮೇಲೆ ನಂಬಿಕೆ ಇಲ್ಲವೇ ಎಂದು ಒಂದು ಕ್ಷಣ ಅನ್ನಿಸಿತು. ದಾರಿಯಲ್ಲಿ ಹೋಗುತ್ತಾ ಅರ್ಥವಾಯಿತು. ನಾನು ಅವಳಿಗಾಗಿ ಒಂದು ಗೆರೆ ಆಚೆ ಈಚೆ ಓದಿಬಿಡುವ ಮನುಷ್ಯ ಎಂದು ಅವಳಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು. ಅಂಥ ಸಹಾಯ ಅವಳಿಗೆ ಬೇಡವಾಗಿತ್ತು.

ಆ ದಿನ ಮುಳ್ಳು ಇಳಿಯಿತು. ಬೇಗ ಇಳಿಯುತ್ತಿದೆಯೋ ನಿಧಾನವೋ ಎಂದು ತಿಳಿಯಲು ನನ್ನ ಹತ್ತಿರ ಹೋಲಿಸುವುದಕ್ಕೆ ಏನೂ ಇರಲಿಲ್ಲ. ಗಡಿಯಾರ ನೋಡಿದೆ, ಗೇಜು ನೋಡಿದೆ, ಬರೆದೆ. ಕೈ ಸ್ಪ್ಯಾನರಿನ ಕಡೆ ಹೋಗಲಿಲ್ಲ. ಪಾತ್ರೆ ತಣ್ಣಗಾಗಿ ಮುಚ್ಚಳ ತೆಗೆದಾಗ ಗುಲಾಬಿಯ ವಾಸನೆ ಬಂತು. ಆದರೆ ಈಗ ನನಗೆ ಬುದ್ಧಿ ಬಂದಿತ್ತು: ವಾಸನೆ ಏನಾಯಿತೆಂದು ಹೇಳುತ್ತದೆ, ಎಷ್ಟು ಬೇಗ ಎಂದಲ್ಲ.

ಮನೆಗೆ ಬಂದಾಗ ಅವಳು ದಿಂಬಿಗೆ ಒರಗಿ ಗ್ರಾಫ್ ಹಾಳೆ ತೊಡೆಯ ಮೇಲೆ ಇಟ್ಟುಕೊಂಡು ಕಾಯುತ್ತಿದ್ದಳು. ನಾನು ಓದಿದೆ, ಅವಳು ಚುಕ್ಕಿ ಇಟ್ಟಳು. ತೊಡೆಯ ಮೇಲೆ ಹಾಳೆ ಜಾರುತ್ತಿತ್ತು, ಅತ್ತೆ ಹಾಳೆಯ ಕೆಳಗೆ ರೊಟ್ಟಿ ಲಟ್ಟಿಸುವ ಮಣೆ ತಂದು ಕೊಟ್ಟು, ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಚುಕ್ಕಿಗಳ ನಡುವೆ ಗೆರೆ ಎಳೆದು, ಏನೋ ಭಾಗಾಕಾರ ಮಾಡಿ, ಒಂದು ಅಂಕಿ ಬರೆದಳು. ಆಮೇಲೆ ಥೀಸಿಸ್ ತೆಗೆದು ಆ ಪುಟ ಬಿಡಿಸಿದಳು. ನಾವು ಇಬ್ಬರೂ ಅವಳ ಮುಖ ನೋಡುತ್ತಿದ್ದೆವು. ಅವಳು ಎರಡು ಅಂಕಿಗಳನ್ನೂ ಎರಡು ಸಲ ನೋಡಿದಳು.

“ಕೂದಲೆಳೆ ಜಾಸ್ತಿನೇ ಬಂದಿದೆ ರೀ” ಎಂದಳು. “ಮೇಡಂ ನನಗಿಂತ ಚೆನ್ನಾಗಿ ಮಾಡಿದ್ದಾರೆ ಪುಡಿನ.”

ಅತ್ತೆಗೆ ಏನು ಅರ್ಥವಾಯಿತೋ, ಮಣೆ ಕೆಳಗಿಟ್ಟು ಮಗಳ ತಲೆ ಸವರಿದರು. ಕೂದಲು ಉದುರಿಹೋದ ತಲೆ.

ವೈವಾ ಮನೆಯಿಂದಲೇ, ಕಂಪ್ಯೂಟರಿನಲ್ಲಿ ಆಗುವ ಹಾಗೆ ಮೇಡಂ ಒಪ್ಪಿಗೆ ತೆಗೆದುಕೊಂಡರು. ಅವಳು ನೀಲಿ ಸೀರೆ ಉಟ್ಟು, ತಲೆಗೆ ಹತ್ತಿಯ ಬಟ್ಟೆ ಕಟ್ಟಿಕೊಂಡು, ಊಟದ ಮೇಜಿನ ಮುಂದೆ ಕೂತಳು. ಅತ್ತೆಯೂ ನಾನೂ ಅಡುಗೆಮನೆಯ ಬಾಗಿಲ ಹಿಂದೆ ನಿಂತಿದ್ದೆವು. ಮಾತೆಲ್ಲ ಇಂಗ್ಲಿಷಿನಲ್ಲಿ. ಮುಕ್ಕಾಲು ಗಂಟೆ ಅವಳು ಒಮ್ಮೆಯೂ ನೀರು ಕೇಳದೆ ಮಾತಾಡಿದಳು. ಕಾಲೇಜಿನಲ್ಲಿ ಪಾಠ ಮಾಡುವಾಗ ಅವಳು ಹೇಗಿರುತ್ತಾಳೆಂದು ನಾನು ನೋಡಿರಲಿಲ್ಲ. ಆವತ್ತು ನೋಡಿದೆ. ಕಾಯಿಲೆಯವಳ ಧ್ವನಿಯಾಗಿರಲಿಲ್ಲ ಅದು.

ಕೊನೆಗೆ ಆ ಪ್ರಶ್ನೆ ಬಂತು. ಲೀಕ್ ಎನ್ನುವುದು ನನಗೆ ಅರ್ಥವಾಯಿತು. ಅವಳು ಉತ್ತರ ಹೇಳುತ್ತಾ ಹೋದಳು. ನಡುವೆ ಹಸ್ಬೆಂಡ್ ಎಂದದ್ದು ಕೇಳಿಸಿತು, ಫಿಟ್ಟರ್ ಎಂದದ್ದು ಕೇಳಿಸಿತು. ಹಳೆಯ ವಾಷರಿನ ಸಂಗತಿಯನ್ನೂ ಬಿಡಲಿಲ್ಲ. ಪರೀಕ್ಷಕರು ಧಾರವಾಡ ಕಡೆಯವರು ಎಂದು ಅವರು ಕನ್ನಡಕ್ಕೆ ತಿರುಗಿದಾಗಲೇ ತಿಳಿದದ್ದು.

“ಅವ್ರು ಅಲ್ಲೇ ಅದಾರೇನ್ರಿ? ಒಮ್ಮೆ ತೋರಸ್ರಿ.”

ಅವಳು ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿಯೇ ಬಿಟ್ಟಳು. ನಾನು ಮೇಲೆ ಇಸ್ತ್ರಿ ಮಾಡಿದ ಅಂಗಿ, ಕೆಳಗೆ ಲುಂಗಿಯಲ್ಲಿದ್ದೆ. ಅತ್ತೆ ಹಿಂದಿನಿಂದ ನನ್ನನ್ನು ಮೇಜಿನ ಹತ್ತಿರಕ್ಕೆ ತಳ್ಳಿದರು. ಪರದೆಯಲ್ಲಿ ಬಿಳಿ ಕೂದಲಿನ ಒಬ್ಬರು ಕನ್ನಡಕ ಸರಿಮಾಡಿಕೊಂಡು ನನ್ನನ್ನು ನೋಡಿದರು.

“ಆ ಜಾಯಿಂಟ್ ನೀವ ಮಾಡಿದ್ದೇನ್ರಿ?”

“ಹೌದು ಸರ್.”

“ವಾಷರ್ ಕಾಯಿಸಿ ಹಾಕಿದ್ರಿ?”

“ಹೌದು ಸರ್. ಆ ಅಳತೆದು ಸಿಗಲಿಲ್ಲ.”

ಅವರು ಮೇಜಿನ ಮೇಲಿದ್ದ ಹಾಳೆಗಳನ್ನು ತಿರುವಿದರು. ನಾನು ಮೊದಲ ಭಾನುವಾರ ಬರೆದ ಪುಟ ಅದು ಎಂದು ದೂರದಿಂದಲೇ ಗೊತ್ತಾಯಿತು. ಸಾಲು ಸಾಲಿಗೆ ಒಂದೇ ಅಂಕಿ.

“ಸೋರಿಲ್ಲ ಬಿಡ್ರಿ” ಎಂದರು. “ಛಲೋ ಮಾಡೀರಿ.” ಆಮೇಲೆ ಅವಳನ್ನು ಕರೆದು, ಹೆಸರಿನ ಹಿಂದೆ ಡಾಕ್ಟರ್ ಎಂದು ಸೇರಿಸಿ, ಅಭಿನಂದನೆ ಹೇಳಿದರು.

ವಿಶ್ವವಿದ್ಯಾಲಯದ ಕಾಗದ ಬಂದದ್ದು ಅವಳು ಹೋದ ಮೇಲೆ. ಆದರೆ ಆ ಮಧ್ಯಾಹ್ನದಿಂದ ಆಚೆ ಅವಳು ನಲವತ್ತೊಂದು ದಿನ ನಮ್ಮ ಜೊತೆ ಇದ್ದಳು. ಅತ್ತೆ ಶನಿವಾರಸಂತೆಗೆ ಹೋಗಲಿಲ್ಲ. ಕಾಲೇಜಿನವರು, ವರ್ಕ್ಸ್‌ನವರು ಬಂದು ನೋಡಿಹೋದರು. ಎಲೆಕ್ಟ್ರೀಷಿಯನ್ ಬಾಗಿಲಲ್ಲೇ ನಿಂತು, ಡಾಕ್ಟ್ರೇ ಎಂದು ಕರೆದ. ಅವಳಿಗೆ ನಾಚಿಕೆಯಾಯಿತು, ಹಾಗೆಲ್ಲ ಕರೆಯಬೇಡಿ, ಕಾಗದ ಬರಲಿ ಎಂದಳು. ಯಾರು ಕರೆದರೂ ಅದೇ ಮಾತು. ನಾನು ಕರೆದಾಗಲೂ ಅದನ್ನೇ ಹೇಳಿದಳು.

ಅತ್ತೆ ಮಾತ್ರ ಕೇಳುತ್ತಿರಲಿಲ್ಲ. ದಿನಕ್ಕೆ ಮೂರು ಸಲ ಮಾತ್ರೆಯನ್ನು ಅಂಗೈಯಲ್ಲಿಟ್ಟುಕೊಂಡು ಹಾಸಿಗೆಯ ಹತ್ತಿರ ಬಂದು, “ಡಾಕ್ಟ್ರಮ್ಮ, ಬಾಯಿ ತೆಗಿಯವ್ವ” ಎನ್ನುತ್ತಿದ್ದರು. ಅವಳು ಕಣ್ಣು ಮುಚ್ಚಿಕೊಂಡೇ ಹ್ಞೂಂ ಎನ್ನುತ್ತಿದ್ದಳು, ಬಾಯಿ ತೆಗೆಯುತ್ತಿದ್ದಳು.